ನೀಲಿ ತಡವಾಗಿ ಬರುತ್ತದೆ

ಊರ ಸಭಾಭವನದವರು ಹೇಳಿಕಳಿಸಿದರು:
'ಗೊಬ್ನೆಟ್, ಒಂದು ನಾಯಿ ಬರೆದುಕೊಡು.
ಎದೆಯ ಮೇಲೆ ಪದಕ ಕಾಣಬೇಕು,
ಹಿಂದೆ ಬೆಟ್ಟ, ಸ್ವಲ್ಪ ಸೂರ್ಯ.'
ಕೆರಿ ಸೀಮೆಯಲ್ಲಿ ಸ್ವಲ್ಪ ಸೂರ್ಯ
ಬಣ್ಣದ ಡಬ್ಬಿಯಲ್ಲಿ ಮಾತ್ರ ಸಿಗುತ್ತದೆ.
ಒಪ್ಪಿಕೊಂಡೆ.

ಮೊದಲು ಹಳಬರನ್ನು ನೋಡಿ ಬರೋಣವೆಂದು
ದೊರೆಮನೆಗೆ ಹೋದೆ, ಟಿಕೆಟ್ಟು ಎಂಟು ಯೂರೊ.
ಮೆಟ್ಟಿಲ ಗೋಡೆಗೆ ತೋಳಬೇಟೆಯ ನಾಯಿ,
ಕೂತ ದೊರೆಗಿಂತ ನಿಂತ ಅದೇ ಎತ್ತರ.
ದ್ವೀಪದ ಕಡೇ ತೋಳ ಸತ್ತ ಮೇಲೆ
ಕೆಲಸವಿಲ್ಲದೆ ಉಳಿದ ಮುಖ;
ದೊರೆಗೂ ಅದೇ ಮುಖ.
ಊಟದ ಕೋಣೆಯಲ್ಲಿ ಕೆಂಪು ಸೆಟರ್,
ಮುಂಗಾಲು ಮಡಿಸಿ, ಇನ್ನೂರು ವರ್ಷದಿಂದ
ಒಂದೇ ಕವುಜುಗವನ್ನು ತೋರಿಸುತ್ತಿದೆ.
ಕೊಳದ ಚಿತ್ರದಲ್ಲಿ ಗುಂಗುರು ಸ್ಪ್ಯಾನಿಯಲ್,
ಬಾಲ ಮಾತ್ರ ಯಾವುದೋ ಇಲಿಯಿಂದ ಕಡ ತಂದದ್ದು.

ಅಡುಗೆಮನೆ ಚಿತ್ರದ ಮೂಲೆಯಲ್ಲಿ, ಹೊಗೆಯ ಕೆಳಗೆ,
ಇಮಾಲ್ ಕಣಿವೆಯ ಡೊಂಕುಗಾಲಿನ ಗಿಡ್ಡ.
ಮಾಂಸದ ಸರಳು ತಿರುಗಿಸಲು ಚಕ್ರದೊಳಗೆ
ಓಡಿ ಓಡಿ ಎಲ್ಲಿಗೂ ತಲುಪದ್ದು.
ನಾಯಿಪಾಡು ಎಂಬ ಮಾತಿಗೆ ಸಾಕ್ಷಿ ಬೇಕೆ, ಇಗೋ.
ಚಿತ್ರಕಾರ ಬಂದದ್ದು ತಾಮ್ರದ ಪಾತ್ರೆಯ ಹೊಳಪಿಗೆ;
ನಾಯಿ ಸುಮ್ಮನೆ ಒಳಗೆ ಬಂದುಬಿಟ್ಟಿದೆ,
ನಾಯಿಗಳು ಬರುವ ಹಾಗೆ.
ಅದರೆದುರು ಹೆಚ್ಚು ಹೊತ್ತು ನಿಂತೆ.

ನಾನು ಬರೆಯಬೇಕಾದದ್ದು ಗೊರಮ್.
ನಮ್ಮ ಹಳೆಯ ಮಾತಿನಲ್ಲಿ ಹಾಗೆಂದರೆ ನೀಲಿ.
ಈ ತಳಿ ಹುಟ್ಟುವಾಗ ಇದ್ದಿಲು,
ನೀಲಿ ಆಮೇಲೆ, ತಿಂಗಳಿಗಿಷ್ಟು,
ಎರಡು ವರ್ಷ ಕಾಯಬೇಕು.
ಮಸಿ, ಬೂದಿ, ಕಪ್ಪೆಚಿಪ್ಪಿನ ಒಳಬಣ್ಣ,
ಬೆರೆಸಿ ಬೆರೆಸಿ ನೋಡಿದೆ.
ಹಚ್ಚಿದರೆ ಬರುವ ನೀಲಿಯಲ್ಲ ಅದು.

ಸಾಕಿದವನು ಡೊನಾಕ್, ಅಂಚೆ ವ್ಯಾನ್ ಓಡಿಸುವವ,
ರಾತ್ರಿ ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವವ.
'ಏಳು ಜನ,' ಎಂದ, ಸ್ಟೂಲಿನ ತುದಿಯಲ್ಲಿ ಕೂತು.
'ಏಳೂ ಜೀವಂತ. ಅದರಲ್ಲೊಬ್ಬ ಬೈದ,
ನಾಯಿ ಕಂಡರೆ ಹೆದರಿಕೆಯಂತೆ.'
ಎಂಟನೆಯದನ್ನು ಎಣಿಸಲಿಲ್ಲ.

ಎಂಟನೆಯವನು ಟೈಗ್ ಲೀಹಿಯ ಮಗ.
ಫೆಬ್ರವರಿಯ ಮಂಜು, ಕಮರಿಯ ತಳ.
ಗೊರಮ್ ಬೊಗಳಲಿಲ್ಲ. ಪಕ್ಕದಲ್ಲಿ ಮಲಗಿತು,
ಎದ್ದು ಬರಲೊಲ್ಲದು.
ಮನೆಗೆ ತಂದರೆ ತಟ್ಟೆ ಮುಟ್ಟಲೊಲ್ಲದು.
'ಹುಡುಕುವುದು ಅವಕ್ಕೆ ಆಟ,' ಎಂದ ಡೊನಾಕ್.
'ಸಿಕ್ಕವರು ನಗಬೇಕು, ಕಿವಿ ಹಿಡಿದು ಅಲ್ಲಾಡಿಸಬೇಕು.
ಸಿಕ್ಕವನು ಏನೂ ಅನ್ನದಿದ್ದರೆ
ತಪ್ಪು ತನ್ನದೇ ಅಂದುಕೊಳ್ಳುತ್ತವೆ.'

ಮಣ್ಣು ಮಾಡಿದ ಐದನೆಯ ದಿನ
ಟೈಗ್ ಬಾಗಿಲು ತಟ್ಟಿದನಂತೆ.
ಟೋಪಿ ತೆಗೆಯಲಿಲ್ಲ, ಚಹಾ ಬೇಡವೆಂದ.
'ನಿನ್ನ ನಾಯಿ ಉಣ್ಣುತ್ತಿಲ್ಲವಂತೆ.
ನಾನು ಅಡಗುತ್ತೇನೆ. ಬಿಡು.'

ಅರವತ್ತು ದಾಟಿದ ಗಂಡಸು, ಮಂಡಿನೋವಿನವನು,
ಗೋರ್ಸ್ ಮುಳ್ಳು ಸರಿಸಿ, ಕುರಿಗೋಡೆ ಹತ್ತಿಳಿದು,
ಒದ್ದೆ ಹೆದರ್ ಪೊದೆಯಲ್ಲಿ ಮುದುಡಿ ಮಲಗಿದ.
ಎಷ್ಟು ಹೊತ್ತು? ಟೈಗ್ ಪ್ರಕಾರ ಒಂದು ಗಂಟೆ,
ಡೊನಾಕ್ ಪ್ರಕಾರ ಹತ್ತು ನಿಮಿಷ.
ಆಮೇಲೆ ಗೋಡೆಯಾಚೆ ಬೊಗಳು.
ಆಮೇಲೆ ಇನ್ನೊಂದು ಸದ್ದು.
ನಗು, ಎಂದ ಡೊನಾಕ್,
ನಗುವೇ ಇರಬೇಕು, ಎಂದ,
ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ.

ಪದಕ ಬರೆಯಲಿಲ್ಲ. ಬೆಟ್ಟವನ್ನೂ.
ನಾನೇ ಹೋಗಿ ಆ ಪೊದೆಯಲ್ಲಿ ಮಲಗಿದೆ, ಬೆನ್ನು ತೊಯ್ದಿತು.
ಅಲ್ಲಿಂದ ಕಾಣುವಷ್ಟೇ ಬರೆದೆ:
ಸುತ್ತ ಕಡ್ಡಿ, ನಡುವೆ ಹಿಡಿಯಷ್ಟು ಬೆಳಕು,
ಬೆಳಕಿಗೆ ಅಡ್ಡ ಬಂದ ಒದ್ದೆ ಗಡ್ಡ, ಮೂಗು,
ಈಗಷ್ಟೇ ನಿನ್ನನ್ನು ಕಂಡ ಎರಡು ಕಣ್ಣು.
ನೀಲಿ ಆಗ ಬಂತು,
ಗದ್ದದ ಕೆಳಗೆ, ನಾನು ಹಚ್ಚದ ಕಡೆ.

ಸಭಾಭವನದವರು ಗೊಣಗಿದರು: 'ಬಾಲ ಎಲ್ಲಿ?'
'ಡೊಂಕಾಗಿತ್ತು, ಬಿಟ್ಟೆ,' ಎಂದೆ.
ಗೋಡೆಯ ಮೇಲೆ ತೀರಾ ಕೆಳಗೆ ತೂಗುಹಾಕಿಸಿದೆ,
ನೋಡಬೇಕಾದವರು ಮಂಡಿಯೂರಲಿ.
ಟೈಗ್ ಭಾನುವಾರ ಬರುತ್ತಾನೆ. ಮಂಡಿಯೂರಲಾರ.
ಕುರ್ಚಿ ಎಳೆದು, ಚಿತ್ರಕ್ಕೆ ಬೆನ್ನು ಕೊಟ್ಟು
ಇಸ್ಪೀಟು ಆಡುತ್ತಾನೆ, ಸೋಲುತ್ತಾನೆ.
ಕಾಲಡಿಯಲ್ಲಿ ಗೊರಮ್,
ಯಾರೋ ಬೀಳಿಸಿದ ಬಿಸ್ಕತ್ತಿನ ಚೂರು
ಹುಡುಕುತ್ತಿದೆ.